ಬೋಯರ್ ಕ್ಯಾಂಪಲ್ಲಿ ವಿಷ ಹಾಕಿದ್ದರಾ? ಮತ್ತೆ ಅದೇ ಪ್ರಶ್ನೆ

ಈ ಸಲವೂ ಅರ್ಧಕ್ಕಿಂತ ಜಾಸ್ತಿ ಪತ್ರ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಬ್ರಿಟಿಷರು ನಡೆಸಿದ ಕಾನ್ಸಂಟ್ರೇಷನ್ ಕ್ಯಾಂಪುಗಳ ಬಗ್ಗೆಯೇ. ಬೋಯರರು ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯ ರೈತರು, 1899ರಿಂದ 1902ರವರೆಗೆ ಬ್ರಿಟಿಷರ ಜೊತೆ ಹೋರಾಡಿದವರು. ಯುದ್ಧ ಯಾಕಾಯಿತು, ಚಿನ್ನದ ಗಣಿ ಯಾರದ್ದು ಎಂಬ ಪುರಾಣ ಇಲ್ಲಿ ಬೇಡ.

ಪ್ರಶ್ನೆ: ಇಂಥ ಕ್ಯಾಂಪು ಶುರು ಮಾಡಿದ್ದೇ ಬ್ರಿಟಿಷರು ಅಲ್ವಾ?

ಅಲ್ಲ. 1896ರಲ್ಲೇ ಕ್ಯೂಬಾದಲ್ಲಿ ಸ್ಪೇನಿನ ಜನರಲ್ ವೇಲರ್ ಹಳ್ಳಿಯವರನ್ನು ಎಬ್ಬಿಸಿ ಕಾವಲಿನೊಳಗೆ ತುಂಬಿದ್ದ.

ಪ್ರಶ್ನೆ: ನಮ್ಮ ಬಳ್ಳಾರಿಯಲ್ಲೂ ಇತ್ತಂತೆ?

ಅಲ್ಲಿದ್ದವರು ಸೆರೆಸಿಕ್ಕ ಬೋಯರ್ ಸೈನಿಕರು. ಅದು ಯುದ್ಧ ಕೈದಿಗಳ ಶಿಬಿರ. ಎರಡನ್ನೂ ಕಲಸಬೇಡಿ.

ಪ್ರಶ್ನೆ: ಸಕ್ಕರೆಗೆ ಗಾಜಿನ ಪುಡಿ, ಮೈಲುತುತ್ತ ಬೆರೆಸಿ ಮಕ್ಕಳನ್ನು ಕೊಂದರಂತೆ. ನೀವು ಯಾಕೆ ಬರೆಯುವುದಿಲ್ಲ?

ಸುಳ್ಳು, ಅದಕ್ಕೇ ಬರೆಯುವುದಿಲ್ಲ. ಆ ಗಾಳಿಸುದ್ದಿ ಕ್ಯಾಂಪಿನೊಳಗೇ ಹುಟ್ಟಿದ್ದು. ಕಣ್ಣೆದುರು ದಿನಾ ಮಕ್ಕಳು ಸಾಯುತ್ತಿದ್ದಾಗ ಆ ತಾಯಂದಿರು ಹಾಗೆ ನಂಬಿದ್ದು ನನಗೆ ಅರ್ಥವಾಗುತ್ತದೆ. ನೂರಿಪ್ಪತ್ತು ವರ್ಷ ಕಳೆದ ಮೇಲೂ ಫಾರ್ವರ್ಡ್ ಮಾಡುವವರದ್ದು ಅರ್ಥವಾಗುವುದಿಲ್ಲ.

ಬ್ರಿಟಿಷ್ ಸೇನಾಪತಿ ಕಿಚನರ್‌ಗೆ ವಿಷದ ಅಗತ್ಯವೇ ಇರಲಿಲ್ಲ. ಬೋಯರ್ ಗೆರಿಲ್ಲಾಗಳಿಗೆ ಅನ್ನ ನೀರು ಸಿಗಬಾರದೆಂದು ಸುಮಾರು 30,000 ತೋಟದ ಮನೆಗಳನ್ನು ಸುಟ್ಟು, ಹೆಂಗಸರು ಮಕ್ಕಳನ್ನು ಗಾಡಿಗೆ, ತೆರೆದ ರೈಲು ಡಬ್ಬಿಗೆ ತುಂಬಿ ತಂದು ಬಯಲಿನ ಡೇರೆಗಳಲ್ಲಿ ಬಿಟ್ಟರು. 1901ರ ಜನವರಿಯಲ್ಲಿ ಇಂಗ್ಲೆಂಡಿನ ಸಮಾಜಸೇವಕಿ ಎಮಿಲಿ ಹಾಬ್‌ಹೌಸ್ ಬ್ಲೂಮ್‌ಫಾಂಟೇನ್ ಕ್ಯಾಂಪಿಗೆ ಹೋದಾಗ ಅಲ್ಲಿ ಸೋಪಿರಲಿಲ್ಲ, ನೀರು ಸಾಲುತ್ತಿರಲಿಲ್ಲ, ಇದ್ದ ನೀರನ್ನು ಕುದಿಸೋಣವೆಂದರೆ ಸೌದೆ ಇರಲಿಲ್ಲ. ಗಂಡ ಇನ್ನೂ ಹೋರಾಡುತ್ತಿದ್ದರೆ ಆ ಮನೆಯವರಿಗೆ ಮೊದಮೊದಲು ರೇಷನ್ನೂ ಕಮ್ಮಿ. ಒಂದಕ್ಕೊಂದು ಮೈಲಿಗಟ್ಟಲೆ ದೂರದ ತೋಟಗಳಲ್ಲಿ ಬೆಳೆದ ಮಕ್ಕಳು ಅವು, ಎಷ್ಟೋ ಮಕ್ಕಳಿಗೆ ದಡಾರ ಮುಟ್ಟಿಯೇ ಇರಲಿಲ್ಲ. ಅರೆಹೊಟ್ಟೆಯಲ್ಲಿ ಒಂದೇ ಡೇರೆಯೊಳಗೆ ಒತ್ತೊತ್ತಾಗಿ ಮಲಗಿಸಿದರೆ ಏನಾಗುತ್ತದೆ? ದಡಾರ, ಅದರ ಹಿಂದೆಯೇ ನ್ಯುಮೋನಿಯಾ, ಟೈಫಾಯ್ಡ್, ರಕ್ತಭೇದಿ. ಯುದ್ಧ ಮುಗಿದ ಮೇಲೆ ಲೆಕ್ಕ ಹಾಕಿದಾಗ ಕ್ಯಾಂಪುಗಳಲ್ಲಿ ಸತ್ತ ಬೋಯರರು 27,927. ಅದರಲ್ಲಿ 22,074 ಜನ 16 ವರ್ಷದೊಳಗಿನ ಮಕ್ಕಳು.

1901ರ ಕೊನೆಯಲ್ಲಿ ಕ್ಯಾಂಪುಗಳು ಸೇನೆಯ ಕೈತಪ್ಪಿ ಅಲ್ಲಿನ ಬ್ರಿಟಿಷ್ ಹೈಕಮಿಷನರ್ ಮಿಲ್ನರ್‌ನ ಸಿವಿಲ್ ಆಡಳಿತಕ್ಕೆ ಬಂದವು. ನೀರು ಕುದಿಸುವ ವ್ಯವಸ್ಥೆ, ನರ್ಸುಗಳು, ಸ್ವಲ್ಪ ಒಳ್ಳೆಯ ಊಟ. 1902ರ ಶುರುವಿಗೇ ಸಾವು ದಡಬಡನೆ ಇಳಿಯಿತು. ಅಂದರೆ ಮೊದಲೇ ಕೊಟ್ಟಿದ್ದರೂ ಇಳಿಯುತ್ತಿತ್ತು. ನೀವು ಗಾಜಿನ ಪುಡಿ ಹುಡುಕುತ್ತಾ ಕೂತರೆ ಸೌದೆ ಕೊಡದ ಅಧಿಕಾರಿ ಸುಮ್ನೆ ಬಚಾವಾಗುತ್ತಾನೆ.

ಪ್ರಶ್ನೆ: ಮಕ್ಕಳು ಸತ್ತಿದ್ದು ತಾಯಂದಿರ ನಾಟಿ ಔಷಧಿಯಿಂದಂತೆ?

ಇದು ಆಗಿನ ಸರ್ಕಾರಿ ವೈದ್ಯರ ಹಾಡು. ದಡಾರಕ್ಕೆ ಆಡಿನ ಹಿಕ್ಕೆಯ ಕಷಾಯ ಕುಡಿಸುವ ಮನೆಮದ್ದು ಇತ್ತು, ನಿಜ. ನಾನಂತೂ ಅದನ್ನು ಸಮರ್ಥಿಸುವುದಿಲ್ಲ, ಈಗಲೂ ಲಸಿಕೆ ಬಿಟ್ಟು ಬೇವಿನ ಸೊಪ್ಪು ಕಟ್ಟಿ ಕೂರುವವರನ್ನು ಕಂಡರೆ ನನಗೆ ರೇಗುತ್ತದೆ. ಆದರೆ ತೋಟದಲ್ಲಿ ಅದೇ ಕಷಾಯ ಕುಡಿಯುತ್ತಿದ್ದಾಗ ಮಕ್ಕಳು ಹೀಗೆ ಸಾವಿರಗಟ್ಟಲೆ ಸಾಯುತ್ತಿರಲಿಲ್ಲ. ಬ್ಲೂಮ್‌ಫಾಂಟೇನ್‌ನಲ್ಲಿ ಏಳು ವರ್ಷದ ಲಿಜ್ಜಿ ವ್ಯಾನ್ ಜಿಲ್ ಎಲುಬಿನ ಗೂಡಾಗಿ ಸತ್ತಳು. ಅವಳ ಫೋಟೋ ತೋರಿಸಿ, ತಾಯಿ ನೋಡಿಕೊಂಡಿಲ್ಲ ಎಂದು ಬ್ರಿಟನ್ನಿನಲ್ಲಿ ದೊಡ್ಡವರೇ ವಾದಿಸಿದರು. ಅಪ್ಪ ಶರಣಾಗಿಲ್ಲ ಎಂದು ಆ ಮನೆಗೆ ಕಡಿಮೆ ರೇಷನ್ ಕೊಟ್ಟಿದ್ದು ಮಾತ್ರ ಅವರಿಗೆ ಕಾಣಲಿಲ್ಲ.

ಪ್ರಶ್ನೆ: ಕಪ್ಪು ಜನರನ್ನು ಕ್ಯಾಂಪಿಗೆ ಹಾಕಲಿಲ್ಲ ಅಲ್ವಾ?

ಹಾಕಿದರು, ಬೇರೆ ಕ್ಯಾಂಪುಗಳಿಗೆ. ಲಕ್ಷಕ್ಕೂ ಹೆಚ್ಚು ಜನ. ಗಂಡಸರು ಸೇನೆಗೆ ಕೂಲಿ ಮಾಡಬೇಕು, ಊಟಕ್ಕೆ ಬಹುಪಾಲು ತಾವೇ ದುಡಿಯಬೇಕು, ಇಲ್ಲ ಕೊಂಡುಕೊಳ್ಳಬೇಕು. ದಾಖಲಾದ ಸಾವೇ 14,000 ದಾಟುತ್ತದೆ, ನಿಜವಾದದ್ದು ಅದಕ್ಕಿಂತ ಜಾಸ್ತಿ. ಹಾಬ್‌ಹೌಸ್ ಆ ಕ್ಯಾಂಪುಗಳಿಗೆ ಹೋಗಲಿಲ್ಲ. ಬ್ರಿಟಿಷ್ ಸರ್ಕಾರ ತನಿಖೆಗೆ ಕಳಿಸಿದ ಮಹಿಳಾ ಸಮಿತಿಯೂ ಹೋಗಲಿಲ್ಲ. ಇದನ್ನು ಕೇಳಿದ ಪತ್ರ ಈ ಸಲ ಒಂದೇ ಒಂದು.