ಕಪ್ಪು ಶೇಲ್‌ನಲ್ಲಿ ಮಾಲಿಬ್ಡಿನಂ ಕಡಿಮೆಯಾದರೆ ಸಮುದ್ರಕ್ಕೆ ಆಮ್ಲಜನಕ ಮರಳಿತು ಎಂದರ್ಥವೇ? ಖಚಿತಪಡಿಸಿಕೊಳ್ಳಲು ಯುರೇನಿಯಂ ಐಸೊಟೋಪ್ ಮಾಡಿಸಲೇ?

ಕಪ್ಪು ಶೇಲ್‌ನ (ಸಾವಯವ ವಸ್ತು ಸೇರಿದ ಕೆಸರು ಗಟ್ಟಿಯಾದ ಕಲ್ಲಿನ) ಕೋರ್, ಅಂದರೆ ಕೊರೆದು ತೆಗೆದ ಕಂಬದಂಥ ಮಾದರಿ, ನಡುವೆ ಮಾಲಿಬ್ಡಿನಂ ಕುಸಿದಿರುವ ಒಂದು ಪಟ್ಟಿ, ಅಲ್ಲಿ ಆಮ್ಲಜನಕ ಮರಳಿರಬೇಕು ಎಂಬ ಊಹೆ. ನೀವು ಬರೆದಿರುವುದು ನನ್ನ ಪಿಎಚ್‌ಡಿ ದಿನಗಳ ಕಥೆಯೇ. ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ವಿಷಯ ಆಮೇಲೆ ನೋಡೋಣ, ಮೊದಲು ಆ ಊಹೆಯನ್ನು ಬಿಡಿ.

ನನ್ನದು ಕ್ರಿಟೇಶಿಯಸ್ ಕಾಲದ ಕೋರ್. ಸಾಮಾನ್ಯ ಶೇಲ್‌ನಲ್ಲಿ ಮಾಲಿಬ್ಡಿನಂ 1–2 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 1–2 ಪಾಲು) ಇರುತ್ತದೆ. 25 ದಾಟಿದರೆ ತಳದ ನೀರಿನಲ್ಲಿ ಆಗಾಗ ಸಲ್ಫೈಡ್ (ಆಮ್ಲಜನಕ ಮುಗಿದ ನೀರಿನಲ್ಲಿ ಶೇಖರವಾಗುವ ಗಂಧಕದ ರೂಪ) ಇದ್ದಿರಬೇಕು, 100 ದಾಟಿದರೆ ಸದಾ ಇತ್ತು ಎನ್ನುವುದು ಎಲ್ಲರೂ ಬಳಸುವ ಲೆಕ್ಕ. ನನ್ನ ಕೋರಿನ ಕೆಳಭಾಗ ಈ ಲೆಕ್ಕಕ್ಕೆ ಚೆನ್ನಾಗಿ ಕೂತಿತು, ಮೇಲ್ಭಾಗವೂ ಕೂತಿತು. ನಡುವೆ ಮಾತ್ರ ಒಂದಂಕಿಗೆ ಇಳಿದಿತ್ತು. ಆಮ್ಲಜನಕ ಹೋಯಿತು, ಬಂತು, ಮತ್ತೆ ಹೋಯಿತು ಎಂದು ಅಧ್ಯಾಯ ಬರೆದು ಮುಗಿಸಿದೆ. ಪರಿಶೀಲಕರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಆ ನಡುವಿನ ಭಾಗದಲ್ಲಿ ಹುಳುಗಳು ಕೊರೆದ ಗುರುತು ಇದೆಯೇ?"

ಕೋರ್ ಪೆಟ್ಟಿಗೆ ತೆರೆದು, ಕತ್ತರಿಸಿದ ಮುಖಕ್ಕೆ ನೀರು ಚಿಮುಕಿಸಿ ಲೆನ್ಸ್ ಹಿಡಿದೆ. ಒಂದು ಮಿಲಿಮೀಟರಿಗೂ ತೆಳುವಾದ ಪದರಗಳು, ಒಂದು ಕಪ್ಪು, ಒಂದು ಬೂದು, ಎಲ್ಲೂ ಕಲಕದೆ ನೇರವಾಗಿ ಸಾಗಿದ್ದವು. ತಳದಲ್ಲಿ ಸಾಕಷ್ಟು ಆಮ್ಲಜನಕ ಇದ್ದಿದ್ದರೆ ಹುಳುಗಳು ಆ ಕೆಸರನ್ನು ಉತ್ತು ಪದರಗಳನ್ನೇ ಅಳಿಸುತ್ತಿದ್ದವು. ಆಮ್ಲಜನಕ ಮರಳಿತು ಎಂದು ನಾನು ಬರೆದ ಜಾಗದಲ್ಲೇ ಪದರಗಳು ಎಲ್ಲಕ್ಕಿಂತ ಅಚ್ಚುಕಟ್ಟಾಗಿದ್ದವು. ನಾನು ಪುಡಿ ಮಾಡಿ ಅಳೆದಿದ್ದೆ, ಕಲ್ಲನ್ನು ನೋಡಿರಲಿಲ್ಲ.

ಎಡವಿದ್ದೆಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಅದೇ ಜಾಗದಲ್ಲಿ ನಿಂತಿದ್ದೀರಿ. ಆಮ್ಲಜನಕ ಇರುವ ನೀರಿನಲ್ಲಿ ಮಾಲಿಬ್ಡಿನಂ ಮಾಲಿಬ್ಡೇಟ್ ರೂಪದಲ್ಲಿ ತನ್ನ ಪಾಡಿಗೆ ಕರಗಿರುತ್ತದೆ. ಸುಲಭವಾಗಿ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ, ಅದಕ್ಕೇ ಲಕ್ಷಾಂತರ ವರ್ಷ ಸಾಗರದಲ್ಲಿ ಉಳಿಯುತ್ತದೆ. ನೀರಿಗೆ ಹೈಡ್ರೋಜನ್ ಸಲ್ಫೈಡ್ ಸೇರಿದಾಗ ಅದು ಥಯೋಮಾಲಿಬ್ಡೇಟ್ ಆಗಿ, ಸಾವಯವ ವಸ್ತುವಿಗೂ ಕಬ್ಬಿಣದ ಸಲ್ಫೈಡಿಗೂ ಅಂಟಿ ತಳ ಸೇರುತ್ತದೆ. ಅಂದರೆ ಕೆಸರಿನಲ್ಲಿ ಸಿಗುವ ಅಂಕಿಯ ಹಿಂದೆ ಎರಡು ಸಂಗತಿಗಳಿವೆ: ನೀರಿನಲ್ಲಿ ಸಲ್ಫೈಡ್ ಇತ್ತೇ, ಮತ್ತು ಹಿಡಿಯಲು ಮಾಲಿಬ್ಡಿನಂ ಉಳಿದಿತ್ತೇ. ನಾನು ಮೊದಲನೆಯದನ್ನಷ್ಟೇ ಕೇಳಿದ್ದೆ. ಬಾವಿಯಲ್ಲಿದ್ದರೆ ತಾನೇ ಬಿಂದಿಗೆಗೆ ಬರುವುದು?

ಇದು ಇಂದಿಗೂ ಕಣ್ಣೆದುರೇ ಇದೆ. ಕಪ್ಪು ಸಮುದ್ರದ ಆಳದಲ್ಲಿ ಆಮ್ಲಜನಕವೇ ಇಲ್ಲ, ಸಲ್ಫೈಡ್ ಧಾರಾಳ. ಆದರೆ ಹೊರಗಿನ ಉಪ್ಪುನೀರು ಬಾಸ್ಪೊರಸ್ ಜಲಸಂಧಿಯೊಂದರಿಂದಲೇ ಒಳಬರಬೇಕು. ಆಳದ ನೀರಿನ ಮಾಲಿಬ್ಡಿನಂ ಬಹುಮಟ್ಟಿಗೆ ಬರಿದಾಗಿದೆ. ಅಲ್ಲಿನ ಕೆಸರಿನಲ್ಲಿ ಶೇಕಡಾ 1ರಷ್ಟು ಸಾವಯವ ಇಂಗಾಲಕ್ಕೆ ಸುಮಾರು 4.5 ಪಿಪಿಎಂ ಮಾಲಿಬ್ಡಿನಂ ಸಿಕ್ಕರೆ, ಕೆನಡಾದ ಸಾನಿಚ್ ಇನ್ಲೆಟ್ ಎಂಬ ಕಡಲ ಚಾಚಿನಲ್ಲಿ ಅದು ಸುಮಾರು 45. ಹತ್ತು ಪಟ್ಟು ವ್ಯತ್ಯಾಸ. ಕಪ್ಪು ಸಮುದ್ರದಲ್ಲಿ ಆಮ್ಲಜನಕ ಹೆಚ್ಚಿದೆ ಎಂದು ಇದರ ಅರ್ಥವಲ್ಲ, ಅಲ್ಲಿಗೆ ಹೊಸ ನೀರು ಬರುವುದು ತೀರಾ ನಿಧಾನ.

ಆಮೇಲೆ, ನೀರಿನಲ್ಲಿ ಸಲ್ಫೈಡ್ ಇತ್ತೇ ಎಂದು ಮಾಲಿಬ್ಡಿನಂ ನೆಚ್ಚದೆ ತಿಳಿಯಲು, ಕಲ್ಲಿನ ಕಬ್ಬಿಣವನ್ನು ಅಳೆಯುವ ಕೆಲಸಕ್ಕೆ ಇಳಿದೆ. ಪುಡಿಯನ್ನು ಕ್ರೋಮಸ್ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ, ಹೊಮ್ಮುವ ಹೈಡ್ರೋಜನ್ ಸಲ್ಫೈಡನ್ನು ನೈಟ್ರೋಜನ್ ಜೊತೆ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಹಾಯಿಸಬೇಕು. ತಿಳಿಯಾಗಿದ್ದ ಕೊಳವೆ ಮೊದಲು ಕಂದು, ಆಮೇಲೆ ಕಪ್ಪು. ಆ ಕಪ್ಪು ಸಿಲ್ವರ್ ಸಲ್ಫೈಡನ್ನು ಸೋಸಿ ತೂಗಿದರೆ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಎಷ್ಟಿತ್ತು ಎಂದು ತಿಳಿಯುತ್ತದೆ. ಪ್ರತಿಕ್ರಿಯಿಸಬಲ್ಲ ಕಬ್ಬಿಣ ಒಟ್ಟು ಕಬ್ಬಿಣದ 0.38 ಪಾಲಿಗಿಂತ ಹೆಚ್ಚಿದ್ದರೆ ನೀರಿನಲ್ಲಿ ಆಮ್ಲಜನಕ ಇರಲಿಲ್ಲ; ಆ ಪ್ರತಿಕ್ರಿಯಿಸಬಲ್ಲ ಕಬ್ಬಿಣದಲ್ಲಿ 0.7–0.8 ಪಾಲಿಗಿಂತ ಹೆಚ್ಚು ಪೈರೈಟ್ ಆಗಿದ್ದರೆ ಸಲ್ಫೈಡ್ ಇತ್ತು. ನನ್ನ ನಡುವಿನ ಪಟ್ಟಿ ಎರಡೂ ಗೆರೆ ದಾಟಿತು. ಆ ಕಾಲದಲ್ಲಿ ಕೊಳ್ಳದ (ಕೆಸರು ಕೂತ ಆ ಸಮುದ್ರದ ತಗ್ಗಿನ) ಬಾಗಿಲು ಮುಚ್ಚಿಕೊಂಡಿತ್ತು, ಆಮ್ಲಜನಕ ಬಂದೇ ಇರಲಿಲ್ಲ. ಫೆಲೋಶಿಪ್ ಮುಗಿದ ಮೇಲೂ ಕೂತು ಇಡೀ ಅಧ್ಯಾಯ ತಿರುವಿ ಬರೆದೆ.

ಈಗ ನಿಮ್ಮ ಯುರೇನಿಯಂ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಅದು ನಿಮ್ಮ ಊಹೆಯನ್ನು ಗಟ್ಟಿ ಮಾಡುವ ಸಾಧನವಲ್ಲ, ಅದು ಬೇರೆಯೇ ಪ್ರಶ್ನೆಗೆ ಉತ್ತರ. ಆಮ್ಲಜನಕವಿಲ್ಲದ ಕೆಸರು ಭಾರದ ಯುರೇನಿಯಂ 238 ಅನ್ನು ತುಸು ಹೆಚ್ಚಾಗಿ ಹಿಡಿಯುತ್ತದೆ. ಅಂಥ ಕೆಸರು ಜಗತ್ತಿನಾದ್ಯಂತ ಹರಡಿದಾಗ ನೀರಿನಲ್ಲಿ ಉಳಿದ ಯುರೇನಿಯಂನಲ್ಲಿ 238ರ ಪಾಲು ತುಸು ಇಳಿಯುತ್ತದೆ, ಆ ನೀರಿನಲ್ಲಿ ಕೂತ ಸುಣ್ಣಕಲ್ಲು ಅದನ್ನು ದಾಖಲಿಸುತ್ತದೆ. ಚೀನಾದ ದಾವೆನ್‌ನ ಸುಣ್ಣಕಲ್ಲುಗಳಲ್ಲಿ, 25.2 ಕೋಟಿ ವರ್ಷ ಹಿಂದಿನ ಪರ್ಮಿಯನ್ ಮಹಾವಿನಾಶದ ಹೊತ್ತಿಗೆ, ಸರಿಯಾಗಿ ಈ ಇಳಿಕೆಯೇ 2011ರಲ್ಲಿ ವರದಿಯಾಯಿತು. ಅದು ಇಡೀ ಸಾಗರದ ಲೆಕ್ಕ. ನಿಮ್ಮ ಕೈಯಲ್ಲಿರುವುದು ಒಂದು ಕೊಳ್ಳದ ಶೇಲ್. ಅದರ ಮೇಲೆ ದುಬಾರಿ ಐಸೊಟೋಪ್ ಮಾಡಿಸಿದರೆ, ಸ್ಥಳೀಯ ಗೊಂದಲದ ಮೇಲೆ ಜಾಗತಿಕ ಗೊಂದಲ ಬಂದು ಕೂರುತ್ತದೆ.

ಈ ಬಿಕ್ಕಟ್ಟು ವಿದ್ಯಾರ್ಥಿಗಳಿಗಷ್ಟೇ ಅಲ್ಲ. ಯಾರ್ಕ್‌ಷೈರ್‌ನ 18.3 ಕೋಟಿ ವರ್ಷ ಹಳೆಯ ಟೊವಾರ್ಸಿಯನ್ ಶೇಲ್‌ಗಳಲ್ಲೂ ಮಾಲಿಬ್ಡಿನಂ ಇದೇ ರೀತಿ ಕಡಿಮೆ. ಅದು ಕೊಳ್ಳ ಮುಚ್ಚಿಕೊಂಡದ್ದರ ಫಲವೋ, ಜಗತ್ತಿನ ಸಮುದ್ರಗಳೇ ಉಸಿರುಗಟ್ಟಿದ್ದರ ಫಲವೋ ಎಂದು ದೊಡ್ಡ ವಾದವೇ ನಡೆಯಿತು. ಒಂದೇ ಜಾಗದ ಕಲ್ಲನ್ನು ಎಷ್ಟು ಅಳೆದರೂ ಅದು ಬಗೆಹರಿಯುವಂಥದ್ದಲ್ಲ. 2018ರಲ್ಲಿ ಜರ್ಮನಿ ಮತ್ತು ಕೆನಡಾ, ಎರಡು ಬೇರೆ ಕೊಳ್ಳಗಳ ಕಲ್ಲುಗಳಲ್ಲಿ ಥಾಲಿಯಂ ಐಸೊಟೋಪ್ ಒಂದೇ ದಿಕ್ಕಿಗೆ ಸರಿದಿರುವುದು ಕಂಡಾಗಲೇ ಜಾಗತಿಕ ಆಮ್ಲಜನಕ ನಷ್ಟದ ವಾದಕ್ಕೆ ನಿಜವಾದ ಬಲ ಬಂದದ್ದು. ತಳದಲ್ಲಿ ಆಮ್ಲಜನಕ ಇದ್ದರಷ್ಟೇ ಮ್ಯಾಂಗನೀಸ್ ಆಕ್ಸೈಡ್ ಶೇಖರವಾಗುತ್ತದೆ, ಥಾಲಿಯಂ ಅದರ ಜಾಡು ಹಿಡಿಯುತ್ತದೆ. ನನಗೆ ಅತ್ಯಂತ ಇಷ್ಟವಾದ ವಿಧಾನ ಇದೇ, ಆದರೂ ಮೊದಲ ಹೆಜ್ಜೆಯಾಗಿ ಯಾರಿಗೂ ಹೇಳುವುದಿಲ್ಲ.

ನಿಮ್ಮ ಬಳಿ ಸಾವಯವ ಇಂಗಾಲದ ಅಂಕಿಗಳು ಆಗಲೇ ಇವೆ ಎಂದಿದ್ದೀರಿ. ಮಾಲಿಬ್ಡಿನಂ ಅನ್ನು ಅದರಿಂದ ಭಾಗಿಸಿ, ಆಳದ ಎದುರು ಗ್ರಾಫ್ ಹಾಕಿ, ಪ್ರತಿ ಬಿಂದುವಿನ ಪಕ್ಕದಲ್ಲೂ ಪದರ ಉಳಿದಿದೆಯೋ ಕಲಕಿದೆಯೋ ಎಂದು ಬರೆಯಿರಿ. ಕಬ್ಬಿಣದ ಪರೀಕ್ಷೆಗೆ ಕೋರಿನ ತಾಜಾ ಒಳಭಾಗವನ್ನೇ ತೆಗೆದುಕೊಳ್ಳಿ. ಗಾಳಿ ಮಳೆಗೆ ಬಿದ್ದ ಕಲ್ಲಿನಲ್ಲಿ ಪೈರೈಟ್ ತುಕ್ಕಾಗಿ ಹೋಗಿರುತ್ತದೆ. ಆ ಗ್ರಾಫನ್ನು ಇಲ್ಲಿ ಹಾಕಿದರೆ ಖಂಡಿತ ನೋಡುತ್ತೇನೆ.