ಕಾಡಲ್ಲಿ ಹಣ್ಣು, ಜೇನು ಆಯ್ದು ಬದುಕೋ ಕೆಲಸ ನಿಜಕ್ಕೂ ಇದ್ಯಾ?

ನೀವು ಕೇಳಿರೋದು ಇಷ್ಟು: ಬೆಂಗಳೂರಿನ ಕಂಪನಿ ಕೆಲಸ ಸಾಕಾಗಿದೆ, ಕಾಡಲ್ಲಿ ಹಣ್ಣು, ಜೇನು, ಅಣಬೆ ಆಯ್ದು ಮಾರಿ ಜೀವನ ಮಾಡೋ ಕೆಲಸ ಕರ್ನಾಟಕದಲ್ಲಿ ಇದ್ಯಾ, ಇದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ. ನಾನು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನವನು. ಅಪ್ಪನ ಕಾಲದಿಂದ್ಲೂ ನಮ್ಮನೇಲಿ ಉಪ್ಪಾಗೆ ಅನ್ನೋ ಕಾಡಿನ ಹುಳಿಹಣ್ಣು ಒಣಗಿಸೋದು, ಊರವರು ತಂದಿದ್ದನ್ನ ತೂಕ ಹಾಕಿ ತಗೊಳ್ಳೋದು ನಡ್ಕೊಂಡು ಬಂದಿದೆ, ಹಾಗಾಗಿ ನನಗೆ ಗೊತ್ತಿರೋದನ್ನ ಹೇಳ್ತೀನಿ.

ಕೆಲಸ ಇದೆ. ತಿಂಗಳ ಸಂಬಳದ ಲೆಕ್ಕದಲ್ಲಿ ಮಾತ್ರ ಇಲ್ಲ. ನಮ್ಮ ಕಡೆ ಕಾಡಿಗೆ ಹೋಗೋ ಯಾವ ಮನೆಯವರೂ ಅದೊಂದನ್ನೇ ನಂಬ್ಕೊಂಡು ಕೂತಿಲ್ಲ. ಫೆಬ್ರವರಿ ಮಾರ್ಚಲ್ಲಿ ಹೊಳೆ ದಂಡೆ ಮೇಲಿನ ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವಿನ ಮಿಡಿ), ಬೇಸಿಗೆ ಏರ್ತಾ ಬಂದ ಹಾಗೆ ಜೇನು, ಮುರುಗಲು (ಕೋಕಂ), ವಾಟೆಹುಳಿ, ಮಳೆ ಹಿಡಿದ ಮೇಲೆ ಉಪ್ಪಾಗೆ, ನಡುವೆ ಗುಡುಗು ಬಂದು ಅಣಬೆ ಎದ್ರೆ ಅದೂ ಸೈ, ಚಳಿಗಾಲಕ್ಕೆ ನೆಲ್ಲಿ, ಸೀಗೆ, ಅಂಟುವಾಳ, ಉಳಿದ ದಿನ ಅಡಿಕೆ ಕೊನೆ ಕೊಯ್ಲು, ಅಡಿಕೆ ಸುಲಿಯೋದು, ಗದ್ದೆ ನೆಟ್ಟಿ. ಹೀಗೆ ಎಲ್ಲ ಸೇರಿದ್ರೇನೆ ಒಂದು ವರ್ಷದ ಸಂಸಾರ ನಡಿಯೋದು. ಒಂದು ವರ್ಷ ಉಪ್ಪಾಗೆ ಮೈತುಂಬ ಬಿಟ್ಟ ಮರ ಮುಂದಿನ ವರ್ಷ ಖಾಲಿ ನಿಂತಿರತ್ತೆ, ಅದ್ರ ಮೇಲೆ ಸಾಲ ಮಾಡೋಕಾಗಲ್ಲ.

ಎಲ್ಲದ್ರ ಬಗ್ಗೆ ಬರೆದ್ರೆ ಮುಗಿಯಲ್ಲ, ನನಗೆ ಚೆನ್ನಾಗಿ ಗೊತ್ತಿರೋ ಉಪ್ಪಾಗೆಯನ್ನೇ ಇಟ್ಕೊಂಡು ಹೇಳ್ತೀನಿ. ಇದು ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡಿನ ಮರ, ಮುರುಗಲಿನ ಜಾತಿಯದ್ದೇ. ಹಣ್ಣು ಸಣ್ಣ ಕುಂಬಳಕಾಯಿ ಥರ ಗೀರು ಗೀರಾಗಿ ಇರತ್ತೆ, ಮಾಗಿದ್ರೆ ಹಳದಿ. ಹಣ್ಣಾಗೋದೇ ಜೂನ್‌ನಿಂದ ಆಗಸ್ಟ್ ಒಳಗೆ, ಅಂದ್ರೆ ಮಳೆ ಜೋರಾಗಿ ಹೊಡೆಯೋ ಕಾಲ. ಇದ್ರ ಒಣ ಸಿಪ್ಪೆಯನ್ನೇ ಕೇರಳದವರು ಮೀನು ಸಾರಿಗೆ ಹುಳಿಯಾಗಿ ಹಾಕೋದು, ಕೊಡಗಿನವರು ಪಂದಿ ಕರಿಗೆ ಹಾಕೋ ಕಪ್ಪು ಕಾಚಂಪುಳಿ ಕೂಡ ಇದೇ ಹಣ್ಣಿನ ರಸ ಕಾಯಿಸಿ ಮಾಡಿದ್ದು. ಬೀಜದಿಂದ ನಮ್ಮಲ್ಲಿ ಉಪ್ಪಾಗೆ ತುಪ್ಪ ತೆಗೀತಾರೆ. 90ರ ದಶಕದಲ್ಲಿ ಸಿಪ್ಪೆಯಲ್ಲಿರೋ ಹೈಡ್ರಾಕ್ಸಿ ಸಿಟ್ರಿಕ್ ಆಸಿಡ್ ಮೈ ಇಳಿಸತ್ತೆ ಅಂತ ಹೊರದೇಶದಲ್ಲಿ ಮಾತ್ರೆ ಮಾಡೋಕೆ ಶುರುಮಾಡಿದ್ರು, ಆಗ ಇಲ್ಲಿ ರೇಟು ಒಂದೇ ಸಲ ಏರ್ತು, ಅಲ್ಲಿವರೆಗೆ ಕಾಡಿಗೆ ಕಾಲಿಡದವರೂ ದೋಟಿ ಹಿಡ್ಕೊಂಡು ಹೊರಟ್ರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿ, ಇದ್ರಿಂದ ತೂಕ ಇಳಿಯೋದ್ರಲ್ಲಿ ಏನೂ ವ್ಯತ್ಯಾಸ ಇಲ್ಲ ಅಂತ ಬರೆದ್ರು. ಮಾತ್ರೆ ವ್ಯಾಪಾರ ಇವತ್ತಿಗೂ ನಿಂತಿಲ್ಲ, ಆದ್ರೆ ಇಲ್ಲಿ ಮರ ಹತ್ತೋರ ಕೂಲಿ ಎಲ್ಲೋ ದೂರದ ಊರಿನ ಫ್ಯಾಷನ್ ಮೇಲೆ ನಿಂತಿದೆ ಅನ್ನೋದು ನಿಮಗೆ ಮೊದಲೇ ಗೊತ್ತಿರ್ಲಿ ಅಂತ ಹೇಳಿದೆ.

ಹಣ್ಣು ತರೋದು ಅರ್ಧ ಕೆಲಸ ಅಷ್ಟೇ. ಕಂಬಳಿಕೊಪ್ಪೆ ಅಥವಾ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು, ಉಂಬಳ (ಜಿಗಣೆ) ಹತ್ತದ ಹಾಗೆ ಕಾಲಿಗೆ ಸುಣ್ಣ ತಂಬಾಕು ಸವರ್ಕೊಂಡು ಹೋಗಿ, ಜಾರೋ ಮರ ಹತ್ತಿ ಹೆಡಿಗೆ ತುಂಬಿಸಿ ತಂದ ಮೇಲೆ ಅವತ್ತೇ ರಾತ್ರಿ ಕೂತು ಒಡೀಬೇಕು. ಬಿಟ್ರೆ ಕೊಳೆಯತ್ತೆ. ಹಣ್ಣನ್ನ ಎರಡೂ ಕೈಯಲ್ಲಿ ಹಿಸುಕಿದ್ರೆ ಗೀರಿನ ಜಾಗದಲ್ಲಿ ಬಾಯಿ ಬಿಡತ್ತೆ, ಒಳಗಿನ ಬೀಜ ಲೋಳೆ ಸಮೇತ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ. ಹುಳಿ ತಾಗಿ ತಾಗಿ ಬೆರಳ ತುದಿ ಸುಲಿದು ಹೋಗತ್ತೆ, ಆಮೇಲೆ ಊಟಕ್ಕೆ ಕೂತ್ರೆ ಖಾರ ಮುಟ್ಟೋಕಾಗಲ್ಲ. ಸಿಪ್ಪೆಯನ್ನ ಬಿದಿರು ತಟ್ಟಿ ಮೇಲೆ ಹರವಿ ಕೆಳಗೆ ಬೆಂಕಿ ಹಾಕ್ತೀವಿ, ಆ ತಿಂಗಳಲ್ಲಿ ಬಿಸಿಲು ಅನ್ನೋದೇ ಇರಲ್ವಲ್ಲ. ಬೆಂಕಿ ಜಾಸ್ತಿ ಆದ್ರೆ ಹೊರಗೆ ಸೀದು ಒಳಗೆ ಹಸಿ ಉಳಿಯತ್ತೆ, ಕಮ್ಮಿ ಆದ್ರೆ ಬೂಷ್ಟು ಹಿಡಿಯತ್ತೆ, ಅದಕ್ಕೇ ರಾತ್ರಿಯೆಲ್ಲ ಒಬ್ಬರು ಎದ್ದು ಮಗುಚ್ತಾ ಇರ್ಬೇಕು. ನಮ್ಮನೇಲಿ ಆ ಕೆಲಸ ಹೆಚ್ಚಿಗೆ ಅಮ್ಮ, ದೊಡ್ಡಮ್ಮನೇ ಮಾಡಿದ್ದು, ಹೊಗೆಗೆ ಅವರ ಕಣ್ಣು ಯಾವಾಗ್ಲೂ ಕೆಂಪಗೇ ಇರ್ತಿತ್ತು. ಸರಿಯಾಗಿ ಒಣಗಿದ ಸಿಪ್ಪೆ ಕಪ್ಪಗಾಗಿ, ಮುಷ್ಟಿಯಲ್ಲಿ ಹಿಡಿದು ಒತ್ತಿ ಬಿಟ್ರೆ ಒಂದಕ್ಕೊಂದು ಅಂಟ್ಕೊಳ್ದೆ ಬಿಡಿಸ್ಕೊಳ್ಳತ್ತೆ. ಮುದ್ದೆ ಆಗಿ ನಿಂತ್ರೆ ಇನ್ನೂ ನೀರಿದೆ ಅಂತ ಅರ್ಥ, ವ್ಯಾಪಾರಿ ಆ ನೀರಿನ ತೂಕ ಕಳೆದೇ ದುಡ್ಡು ಕೊಡೋದು. ಮತ್ತೆ ಇದಕ್ಕೆ ಬೇಕಾಗೋ ಸೌದೆ ನೋಡಿದ್ರೆ ಹೊಟ್ಟೆ ಉರಿಯತ್ತೆ, ಕಾಡಿನ ಹಣ್ಣು ಒಣಗಿಸೋಕೆ ಕಾಡನ್ನೇ ಉರಿಸೋ ಹಾಗಾಗತ್ತೆ. ಸೌದೆ ಕಮ್ಮಿ ಬೇಡೋ ಒಲೆ, ಡ್ರೈಯರ್ ಹಾಕ್ಕೊಂಡವರು ಈಗ ಇದ್ದಾರೆ, ಅಂಥ ಮನೆಯ ಸಿಪ್ಪೆಗೆ ಹೊಗೆ ವಾಸನೆಯೂ ಕಮ್ಮಿ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅನ್ಕೊಂಡಿದ್ದ ವಿಷಯ. ಇಂಟರ್‌ನೆಟ್ಟಲ್ಲಿ ಈ ಕೆಲಸದ ಬಗ್ಗೆ ಓದಿದ್ರೆ ಗಿಡ ಗುರುತು ಹಿಡಿಯೋ ಜ್ಞಾನ ಇದ್ರೆ ಸಾಕು ಅನ್ನೋ ಥರ ಬರೆದಿರ್ತಾರೆ. ಗುರುತು ಹಿಡಿಯೋದು ಒಂದೆರಡು ವರ್ಷ ಜೊತೆಗೆ ಓಡಾಡಿದ್ರೆ ಬರತ್ತೆ. ಕಷ್ಟ ಇರೋದು ಹಣ್ಣಾಗೋವರೆಗೆ ಕಾಯೋದ್ರಲ್ಲಿ. ನಮ್ಮ ಜಿಲ್ಲೇಲಿ ಅಡಿಕೆ ತೋಟದವರಿಗೆ ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟ ಅಂತ ಕಾಡು ಬಿಟ್ಟುಕೊಟ್ಟಿದಾರೆ, ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ. ನೆಲ ಸರ್ಕಾರದ್ದೇ ಆದ್ರೂ ಸೊಪ್ಪು, ದರಕು (ಒಣ ಎಲೆ) ತರೋ ಹಕ್ಕು ಆ ಮನೆಯವರದ್ದು. ಅಂಥ ಬೆಟ್ಟದಲ್ಲಿರೋ ಉಪ್ಪಾಗೆ ಮರದ ಹಣ್ಣು ಹಳದಿ ಆಗೋವರೆಗೂ ನಿಲ್ಲತ್ತೆ, ಬಿದ್ದಿದ್ದನ್ನ ಹೆಕ್ಕಿದ್ರೂ ಆಗತ್ತೆ, ಯಾಕಂದ್ರೆ ಬೇರೆಯವರು ಕೊಯ್ಯಲ್ಲ ಅಂತ ಧೈರ್ಯ ಇರತ್ತೆ. ಅದೇ ಮರ ಪಕ್ಕದ ಮೀಸಲು ಅರಣ್ಯದಲ್ಲಿದ್ರೆ ಜೂನ್ ಮೊದಲಲ್ಲೇ ಹಸಿರು ಕಾಯಿ ಖಾಲಿ, ಕೆಲವು ಕಡೆ ಹತ್ತೋ ಪುರುಸೊತ್ತೂ ಇಲ್ದೆ ಕೊಂಬೆಯನ್ನೇ ಕಡಿದು ಹಾಕಿರ್ತಾರೆ. ಕೊಯ್ದವನಿಗೆ ಎಳೆಕಾಯಿ ತೂಕ ಬರಲ್ಲ ಅಂತ ಗೊತ್ತಿಲ್ಲ ಅಂತಲ್ಲ, ಚೆನ್ನಾಗೇ ಗೊತ್ತು. ತಾನು ಬಿಟ್ರೆ ನಾಳೆ ಇನ್ನೊಬ್ಬ ಕೊಯ್ತಾನೆ ಅನ್ನೋದೂ ಗೊತ್ತು. ಅಪ್ಪೆಮಿಡಿಯದ್ದೂ ಇದೇ ಕಥೆ, ಮಿಡಿಗೋಸ್ಕರ ಕೊಂಬೆ ಕಡಿದು ಕಡಿದು ಒಳ್ಳೊಳ್ಳೆ ಮರಗಳು ಹೋದ್ವು. ಒಳ್ಳೆ ಮರ ಹೋಯ್ತು ಅಂದ್ರೆ ಆ ಪರಿಮಳವೂ ಹೋಯ್ತು, ಬೀಜ ಹಾಕಿದ್ರೆ ಅದೇ ಬರಲ್ಲ. ಇದಕ್ಕೆ ಕಾಡಿಗೆ ಹೋಗೋ ಬಡವರನ್ನ ಬೈಯೋದು ತಪ್ಪು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮರ ಇಂಥವರದ್ದು, ಅಥವಾ ಇಂಥ ಊರಿಂದು ಅಂತ ಆದ ಕಡೆ ಅದೇ ಜನ ಕಾಯ್ತಾರೆ, ಕಾಯೋದನ್ನ ನಾನೇ ನೋಡ್ತಾ ಇದೀನಿ.

ಕಾನೂನಿನ ವಿಷಯಕ್ಕೆ ಬಂದ್ರೆ, ಹೊರಗಿಂದ ಬಂದು ನೀವೇ ಸರ್ಕಾರಿ ಕಾಡಿಗೆ ಹೋಗಿ ಆಯ್ದು ಮಾರೋಕಾಗಲ್ಲ. ಇಲ್ಲೆಲ್ಲ ಸಾಮಾನ್ಯವಾಗಿ ಅರಣ್ಯ ಇಲಾಖೆ ಕಾಡುತ್ಪತ್ತಿಯನ್ನ ಟೆಂಡರ್ ಮೇಲೆ ಕೊಡತ್ತೆ, ಟೆಂಡರ್ ಹಿಡಿದವರು ಊರವರ ಹತ್ರ ತಗೊಳ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರೋ ಹಕ್ಕನ್ನ ಬುಡಕಟ್ಟು ಜನರಿಗೆ ಮತ್ತೆ ಪಾರಂಪರಿಕ ಅರಣ್ಯವಾಸಿಗಳಿಗೆ ಕೊಟ್ಟಿದೆ, ಆದ್ರೆ ಬುಡಕಟ್ಟಿಗೆ ಸೇರದವರು 3 ತಲೆಮಾರು, ಅಂದ್ರೆ 75 ವರ್ಷದ ವಾಸ ತೋರಿಸ್ಬೇಕು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರನ್ನ ನೋಡಿ. ಹೆಜ್ಜೇನು, ನೆಲ್ಲಿ, ಸೀಗೆ ಅವರ ಬದುಕು, ಲ್ಯಾಂಪ್ಸ್ ಅನ್ನೋ ಬುಡಕಟ್ಟು ಜನರ ಸಹಕಾರಿ ಸೊಸೈಟಿ ಮೂಲಕ ಮಾರ್ತಾ ಇದ್ರು. ಅಭಯಾರಣ್ಯದಿಂದ ಮಾರಾಟಕ್ಕೆ ಏನೂ ತರಬಾರದು ಅಂತ ಆದಾಗ ಅದೂ ನಿಂತೋಯ್ತು, ವರ್ಷಗಟ್ಟಲೆ ಹೋರಾಡಿದ ಮೇಲೆ 2011ರಲ್ಲಿ ಸಮುದಾಯ ಹಕ್ಕು ಸಿಕ್ತು. ಹೆಜ್ಜೇನು ಕೀಳುವಾಗ ಜೇನುತಟ್ಟಿ ಪೂರ್ತಿ ತೆಗೀದೆ ಸ್ವಲ್ಪ ಉಳಿಸಿ ಬರೋದು ಅವರ ಪದ್ಧತಿ. ಅವರ ಕಾಡಲ್ಲಿ ಲಂಟಾನ ಕಳೆ ಹಬ್ಬಿದ್ದು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿದ್ದು ಒಣ ಎಲೆಗೆ ಮೊದ್ಲು ಹಾಕ್ತಿದ್ದ ತರಗು ಬೆಂಕಿ ನಿಲ್ಲಿಸಿದ್ದಕ್ಕೆ ಅಂತ ಹಿರಿಯರು ಹೇಳ್ತಾರೆ, ಅಂಥ ಮಾತನ್ನ ಇಲಾಖೆಯವರು ಕೂತು ಕೇಳ್ಬೇಕಿತ್ತು.

ಆರೋಗ್ಯದ್ದೂ ಹೇಳ್ಬಿಡ್ತೀನಿ. ಮಳೆಗಾಲದಲ್ಲಿ ಭಯ ಮರದಿಂದ ಬೀಳೋದು. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಲ್ಲಿ ಮೊದಲು ಗೊತ್ತಾಗಿದ್ದು, ಉಣುಗು ಅನ್ನೋ ರಕ್ತ ಹೀರೋ ಹುಳ ಕಚ್ಚಿ ಬರತ್ತೆ, ನಮ್ಮ ತಾಲ್ಲೂಕಲ್ಲೂ ಜನ ಸತ್ತಿದಾರೆ. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿ ಇರೋ ಕಾಡಿಗೆ ಕಾಲಿಡಬೇಡಿ, ಬೇರೆ ಕಡೆ ಹೋದ್ರೂ ಉಣುಗು ಹತ್ತದ ಹಾಗೆ ಡೀಪಾ ಎಣ್ಣೆ ಹಚ್ಕೊಂಡು, ಮೈತುಂಬ ಬಟ್ಟೆ ಹಾಕ್ಕೊಂಡು ಹೋಗಿ, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ. ಅಣಬೆಯನ್ನಂತೂ ಫೋಟೋ ನೋಡಿ ಕಿತ್ತು ಮಾರೋ ಯೋಚನೆ ಬಿಟ್ಬಿಡಿ. ಊರಲ್ಲಿ ಹುಟ್ಟಿ ಬೆಳೆದವರೂ ತಮಗೆ ಗೊತ್ತಿರೋ ಜಾಗದಲ್ಲಿ ಎದ್ದ, ತಮಗೆ ಗೊತ್ತಿರೋ ಅಣಬೆ ಬಿಟ್ಟು ಬೇರೆ ಮುಟ್ಟಲ್ಲ.

ನಿಮಗೆ ಜಾಗ ಇರೋದು ಕಾಡಿಂದ ತಂದ ಮೇಲಿನ ಕೆಲಸದಲ್ಲಿ ಅಂತ ನನಗನ್ಸತ್ತೆ. ಒಣಗಿಸೋದು, ವಿಂಗಡಿಸೋದು, ಮಾಗಿದ ಹಣ್ಣಿಗೆ ಬೇರೆ ರೇಟು ಕೊಟ್ಟು ಕೊಳ್ಳೋರನ್ನ ಹುಡುಕೋದು, ಲೆಕ್ಕ ಬರೆಯೋದು. ಈಗ ಹಸಿರುಕಾಯಿ ಸಿಪ್ಪೆಗೂ ಹಳದಿ ಹಣ್ಣಿನ ಸಿಪ್ಪೆಗೂ ಹೆಚ್ಚಿನ ಕಡೆ ಒಂದೇ ರೇಟು, ಅದನ್ನ ಬದಲಾಯಿಸೋ ಒಬ್ಬ ವ್ಯಾಪಾರಿ ಬಂದ್ರೆ ಮರಗಳಿಗೆ ನಾವು ಹೇಳೋ ನೂರು ಬುದ್ಧಿಮಾತಿಗಿಂತ ಜಾಸ್ತಿ ಉಪಕಾರ ಆಗತ್ತೆ. ಸ್ವಂತ ಜಮೀನಿದ್ರೆ ಉಪ್ಪಾಗೆ ಕಸಿ ಗಿಡ ಹಾಕಿ. ಬೀಜದ ಗಿಡ ಬಹಳ ವರ್ಷ ಕಾಯಿಸಿ ಕೊನೆಗೆ ಹಣ್ಣು ಬಿಡದ ಗಂಡು ಮರ ಆಗಿಬಿಡಬಹುದು.

ಕೆಲಸ ಬಿಡೋ ಮೊದಲು ಒಂದು ಮಳೆಗಾಲ ರಜೆ ಹಾಕಿ ಈ ಕಡೆ ಬನ್ನಿ. ಜುಲೈಯಲ್ಲಿ ಸಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಉಪ್ಪಾಗೆ ಒಣಗಿಸೋ ಮನೆಗಳಿಗೆ ರಾತ್ರಿ ಪಾಳಿಗೆ ಜನ ಸಿಗೋದೇ ಕಷ್ಟ. ಕೂಲಿ, ಊಟ ಕೊಡ್ತಾರೆ. ಕೈಗೆ ಹಚ್ಕೊಳ್ಳೋಕೆ ಕೊಬ್ಬರಿ ಎಣ್ಣೆ ತನ್ನಿ, ಮತ್ತೆ ನೆನೆದ್ರೂ ಬೇಗ ಒಣಗೋ ಬಟ್ಟೆ.