ಗದ್ದಲ ಇದೆ, ಜರ್ಮನ್ ಇಲ್ಲ

ದಾವಣಗೆರೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ಜರ್ಮನಿಗೆ ಹೋಗಲು ತಯಾರಾಗುತ್ತಿರುವ 36 ನರ್ಸಿಂಗ್ ವಿದ್ಯಾರ್ಥಿಗಳಿಗೆ ದಿನಾ ಸಂಜೆ ಒಂದು ಗಂಟೆ ಜರ್ಮನ್ ಹೇಳಿಕೊಡುತ್ತೇನೆ. ಚಿತ್ರ ತೋರಿಸಿ ಹೆಸರು ಕೇಳುವುದು, ಅಂತ್ಯಾಕ್ಷರಿ, ಎಲ್ಲ ಆಡಿಸಿದ್ದಾಯಿತು. ಕ್ಲಾಸು ಗದ್ದಲವೋ ಗದ್ದಲ, ಆದರೆ ಮಾತೆಲ್ಲ ಕನ್ನಡದಲ್ಲೇ. ಬಾಯಿ ಬಿಡುವವರು ಅದೇ ನಾಲ್ಕೈದು ಜನ. ಏನು ಮಾಡಲಿ?

ಮೇಡಂ, ತಪ್ಪು ಮಕ್ಕಳದ್ದಲ್ಲ. ಈ ಎರಡು ಆಟಗಳಲ್ಲೂ ಒಬ್ಬರಿಂದ ಇನ್ನೊಬ್ಬರು ಕೇಳಿ ತಿಳಿಯಬೇಕಾದದ್ದು ಏನೂ ಇಲ್ಲ. ಚಿತ್ರ ಎಲ್ಲರ ಕಣ್ಣ ಮುಂದೆಯೇ ಇದೆ. ಅರ್ಧ ಮಾಹಿತಿ ಇವರ ಕೈಯಲ್ಲಿ, ಉಳಿದರ್ಧ ಅವರ ಕೈಯಲ್ಲಿ ಇದ್ದರೆ ಮಾತು ತಾನಾಗಿ ಹೊರಡುತ್ತದೆ.

ವಾರ್ಡಿನ ಪಟ್ಟಿಯಿಂದಲೇ ಶುರು ಮಾಡಿ. ಎಂಟು ಸಾಲು, ಪ್ರತಿ ಸಾಲಿಗೆ ಕೋಣೆ ಸಂಖ್ಯೆ, ಔಷಧಿಯ ಹೊತ್ತು, ಜ್ವರ. ಪ್ರತಿ ಸಾಲಿನ ಕೋಣೆ ಸಂಖ್ಯೆಯನ್ನೋ ಜ್ವರವನ್ನೋ ಒಂದು ಹಾಳೆಯಲ್ಲಿ ಖಾಲಿ ಬಿಡಿ, ಇನ್ನೊಂದರಲ್ಲಿ ತುಂಬಿ. 18 ಜೋಡಿ ಎದುರುಬದುರು ಕೂರಲಿ, ನಡುವೆ ಒಂದು ಫೈಲು ನಿಲ್ಲಿಸಲಿ. ಹನ್ನೆರಡು ನಿಮಿಷ ಸಾಕು. ಕೇಳಬೇಕಾದ ಮೂರು ಪ್ರಶ್ನೆಗಳ ಜೊತೆಗೆ ‘ವೀ ಬಿಟ್ಟೆ?’ (ಏನಂದ್ರಿ?), ‘ನೋಖ್ ಐನ್‌ಮಾಲ್, ಬಿಟ್ಟೆ’ (ಇನ್ನೊಮ್ಮೆ ಹೇಳಿ) ಎನ್ನುವುದನ್ನೂ ಬೋರ್ಡಿನ ಮೇಲೆ ಬರೆದಿಡಿ. ಮಕ್ಕಳು ಕನ್ನಡಕ್ಕೆ ಜಾರುವುದು ಹೆಚ್ಚಾಗಿ ಕೇಳಿಸದೇ ಹೋದಾಗ. ಆ ಗಳಿಗೆಗೆ ಬೇಕಾದ ಮಾತು ಜರ್ಮನ್‌ನಲ್ಲೇ ಸಿದ್ಧವಿರಬೇಕು.

ಎಡವುವುದು ಅಂಕಿಯಲ್ಲಿ. ಜರ್ಮನ್‌ನಲ್ಲಿ 34 ಎಂದರೆ ‘ಫೀರ್ ಉಂಟ್ ದ್ರೈಸಿಷ್’, ಅಂದರೆ ನಾಲ್ಕು ಮತ್ತು ಮೂವತ್ತು. ನಮಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹತ್ತರ ಸ್ಥಾನವೇ ಮೊದಲು ಬರುವುದರಿಂದ ಕೈ 43 ಎಂದೇ ಬರೆಯುತ್ತದೆ. ಜ್ವರ 83 ಎಂದು ಬರೆದರೆ ತಪ್ಪು ಅವರಿಗೇ ಹೊಳೆಯುತ್ತದೆ, ಕೋಣೆ ಸಂಖ್ಯೆಯಲ್ಲಿ ಹೊಳೆಯದು. ಅದಕ್ಕೇ ಪಟ್ಟಿಯಲ್ಲಿ 34, 43 ಎರಡೂ ಕೋಣೆ ಇರಲಿ. ಮೊದಲ ವಾರ ಒಂದರ ಸ್ಥಾನ ಬರೆದು, ಅದರ ಎಡಕ್ಕೆ ಹತ್ತರ ಸ್ಥಾನ ಸೇರಿಸಿದರೂ ಪರವಾಗಿಲ್ಲ. ಆಮೇಲೆ ಈ ಅಭ್ಯಾಸ ಬಿಡಿಸಿ, ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇದು ನಡೆಯುವುದಿಲ್ಲ. ಜ್ವರವನ್ನು ಸೆಲ್ಸಿಯಸ್‌ನಲ್ಲೇ ಕೊಡಿ. 38.4 ಅನ್ನು ಅಲ್ಲಿ ಪಾಯಿಂಟ್ ಎನ್ನುವುದಿಲ್ಲ, ‘ಕೊಮಾ’ ಎನ್ನುತ್ತಾರೆ, ಬರೆಯುವಾಗಲೂ ಅಲ್ಪವಿರಾಮವನ್ನೇ ಹಾಕುತ್ತಾರೆ.

ಹೊತ್ತು ಹೇಳುವುದಂತೂ ಇನ್ನೂ ನಾಜೂಕು. ‘ಹಲ್ಪ್ ಅಖ್ಟ್’ ಕೇಳಿದರೆ ‘ಅರ್ಧ ಎಂಟು’ ಅನ್ನಿಸಿ ಎಂಟೂವರೆ ಎಂದು ಬರೆಯುತ್ತಾರೆ. ಅದು ಏಳೂವರೆ: ಎಂಟನೆಯ ಗಂಟೆ ಅರ್ಧ ಕಳೆದಿದೆ ಎಂದು ಅರ್ಥ. ಡ್ಯೂಟಿಗೆ ಒಂದು ಗಂಟೆ ತಡವಾಗಲು ಇದೊಂದೇ ಸಾಕು. ಹಾಗಾಗಿ ಎಂಟರಲ್ಲಿ ಮೂರು ಸಾಲುಗಳ ಔಷಧಿಯ ಹೊತ್ತನ್ನು ಒಂದು ಹಾಳೆಯಲ್ಲಿ ‘ಹಲ್ಪ್’ ಸೇರಿಸಿ ಅಕ್ಷರದಲ್ಲೇ ಬರೆದಿಡಿ, ಇನ್ನೊಂದರಲ್ಲಿ ಖಾಲಿ ಗಡಿಯಾರ ಇರಲಿ, ಕೇಳಿಸಿಕೊಂಡವರು ಮುಳ್ಳು ಬಿಡಿಸಲಿ.

ಇನ್ನೊಂದು, ಓಡುವ ಉಕ್ತಲೇಖನ. ಆರು ವಾಕ್ಯದ ಬರಹವೊಂದರ ಆರು ಪ್ರತಿಗಳನ್ನು ಗೋಡೆಗೆ ಅಂಟಿಸಿ. ಒಂದೇ ಪ್ರತಿ ಇದ್ದರೆ 18 ಜನ ನೂಕಾಡುತ್ತಾರೆ. ಒಬ್ಬರು ಹೋಗಿ ಓದಿ, ನೆನಪಿಟ್ಟುಕೊಂಡು ಬಂದು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಮೂರನೇ ವಾಕ್ಯಕ್ಕೆ ಪಾತ್ರ ಬದಲಾಗಲಿ. ಕೆಡುವುದು ಎರಡು ಕಡೆ: ಗೋಡೆಯ ಬಳಿಯಿಂದಲೇ ಕೂಗುವುದು, ಮೊಬೈಲಿನಲ್ಲಿ ಫೋಟೋ ತೆಗೆಯುವುದು. ಮೊಬೈಲುಗಳನ್ನು ಮೊದಲೇ ಮೇಜಿನ ಮೇಲೆ ಇಡಿಸಿ. ತಿದ್ದುವಾಗ ನಾಮಪದದ ಮೊದಲಕ್ಷರ ದೊಡ್ಡದಿದೆಯೇ ನೋಡಿ, ಇಂಗ್ಲಿಷ್ ಅಭ್ಯಾಸದವರು ಅದನ್ನೇ ಮರೆಯುವುದು.

ನಾಮಪದದ ಲಿಂಗ ಕಲಿಸಲು ಮೂರು ಮೂಲೆಯ ಆಟ ಸಾಕು: ಕೋಣೆಯ ಒಂದೊಂದು ಮೂಲೆ ಒಂದೊಂದು ಲಿಂಗಕ್ಕೆ, ಪದ ಕೇಳಿದವರು ಸರಿ ಅನ್ನಿಸಿದ ಮೂಲೆಗೆ ಹೋಗಬೇಕು. ‘ಫೆರ್ಬಾಂಟ್’ (ಬ್ಯಾಂಡೇಜು) ಪುಲ್ಲಿಂಗ, ‘ಶ್ಪ್ರಿಟ್ಸೆ’ (ಸಿರಿಂಜು) ಸ್ತ್ರೀಲಿಂಗ, ‘ಫೀಬರ್’ (ಜ್ವರ) ನಪುಂಸಕ. ಕನ್ನಡದಂತೆ ಅರ್ಥ ನೋಡಿ ಊಹಿಸುವಂತಿಲ್ಲ. ಉತ್ತರವನ್ನು ಮೊದಲು ಚೀಟಿಯಲ್ಲಿ ಬರೆಸಿ, ಆಮೇಲೆ ಮೂಲೆಗೆ ಕಳಿಸಿ. ಇಲ್ಲದಿದ್ದರೆ ಎಲ್ಲರೂ ಜಾಣೆಯೊಬ್ಬಳ ಬೆನ್ನು ಹತ್ತುತ್ತಾರೆ.

ಜೋಡಿಗಳು ಮಾತಾಡುವಾಗ ನಡುವೆ ತಿದ್ದಬೇಡಿ. ಸುಮ್ಮನೆ ಓಡಾಡುತ್ತಾ ಐದು ತಪ್ಪುಗಳನ್ನು ಗುರುತು ಹಾಕಿಕೊಳ್ಳಿ. ಕೊನೆಯ ಎಂಟು ನಿಮಿಷದಲ್ಲಿ ಅವನ್ನು ಹೆಸರಿಲ್ಲದೆ ಬೋರ್ಡಿಗೆ ಏರಿಸಿ, ತಿದ್ದುವ ಕೆಲಸ ಜೋಡಿಗಳಿಗೇ ಬಿಡಿ.